ಲ್ಯಾಪ್‌ಟಾಪಿನೊಳಗೆ ಸಿಡಿ ಸಿಕ್ಕಿಕೊಂಡಿದೆಯಾ? ಎಳೆಯುವ ಮೊದಲು ಇದನ್ನು ಓದಿ

ಸಿಡಿ ಕಾಲ ಮುಗಿಯಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಂಆರ್‌ಐ, ಸಿಟಿ ಸ್ಕ್ಯಾನ್ ಮಾಡಿಸಿದ ಎಷ್ಟೋ ಜನರ ಕೈಗೆ ಇವತ್ತಿಗೂ ಫಿಲ್ಮಿನ ಜೊತೆ ಒಂದು ಸಿಡಿ ಬರುತ್ತದೆ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿ ಮರುದಿನ ಮಣಿಪಾಲದಲ್ಲೋ ಬೆಂಗಳೂರಲ್ಲೋ ಡಾಕ್ಟರಿಗೆ ತೋರಿಸುವುದು ನಮ್ಮ ಕಡೆ ಹೊಸದೇನಲ್ಲ. ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡೋಣ ಅಂತ ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕುತ್ತೇವೆ. ಒಳಗೆ ಹೋದ ಸಿಡಿ ವಾಪಸ್ ಬರುವುದಿಲ್ಲ. ಮದುವೆ ಡಿವಿಡಿಯದ್ದೂ ಇದೇ ಕಥೆ, ಊರಿನ ತಾಳಮದ್ದಲೆ ರೆಕಾರ್ಡಿಂಗಿನದ್ದೂ ಇದೇ ಕಥೆ. ಈಗ ಎಲ್ಲರೂ ಅವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಬೇಕು ಅಂತ ಹುಡುಕಿ ತೆಗೆಯುತ್ತಿದ್ದಾರೆ, ವರ್ಷಗಟ್ಟಲೆ ಮುಟ್ಟದ ಡ್ರೈವಿಗೆ ಹಾಕುತ್ತಿದ್ದಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಿಕ್ಕಿಕೊಂಡ ಡಿಸ್ಕ್ ಸಾಮಾನ್ಯವಾಗಿ ಒಳಗೆ ಚೆನ್ನಾಗಿಯೇ ಇರುತ್ತದೆ. ಅದು ಹಾಳಾಗುವುದು ನಾವು ಚಾಕು, ಸ್ಕ್ರೂಡ್ರೈವರ್ ತಗೊಂಡು ಮೀಟಿದಾಗ. ಲ್ಯಾಪ್‌ಟಾಪ್ ಹೋದರೆ ಇನ್ನೊಂದು ಸಿಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಮದುವೆಯ ಒಂದೇ ಒಂದು ಡಿಸ್ಕ್ ಮುರಿದರೆ ಸಿಗುವುದಿಲ್ಲ. ಅದಕ್ಕೇ ಡಿಸ್ಕನ್ನು ಹಿಡಿದುಕೊಂಡಿರುವುದು ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಬೇಕು. ಬಿಡಿಸುವುದು ಆಮೇಲೆ.

## ಡ್ರೈವಿನ ಒಳಗೆ ಏನಿದೆ?

ಸಿಡಿ, ಡಿವಿಡಿ ಓದುವ ಭಾಗಕ್ಕೆ ಆಪ್ಟಿಕಲ್ ಡ್ರೈವ್ ಅನ್ನುತ್ತಾರೆ. ಡಿಸ್ಕ್ ಒಂದು ಗುಂಡಿಯ ಮೇಲೆ ಕೂತು ತಿರುಗುತ್ತದೆ, ಆ ಗುಂಡಿಯೇ ಸ್ಪಿಂಡಲ್. ಕೆಳಗಿನಿಂದ ಲೇಸರ್ ಬೆಳಕು ಬಿದ್ದು ವಾಪಸ್ ಬರುತ್ತದೆ, ವಾಪಸ್ ಬರುವ ಬೆಳಕಿನ ಏರಿಳಿತವನ್ನು ಡ್ರೈವ್ ಓದುತ್ತದೆ.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಸಿಡಿ ಮಾರುಕಟ್ಟೆಗೆ ಬಂದಾಗ ಇದ್ದ ಅಳತೆಯೇ ಈಗಲೂ ಇದೆ. ಅಗಲ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್, ನಡುವಿನ ತೂತು 15 ಮಿಲಿಮೀಟರ್. ಡಿವಿಡಿಗೂ ಇದೇ ಅಳತೆ. ಇನ್ನು ಲ್ಯಾಪ್‌ಟಾಪಿನ ಡ್ರೈವ್ ನೋಡಿದರೆ, ತಗಡಿನ ಕವಚ ಸೇರಿ ಅದರ ಒಟ್ಟು ದಪ್ಪವೇ 12.7 ಮಿಲಿಮೀಟರ್. ತೆಳು ಮಾಡೆಲ್ ಆದರೆ ಬರೀ 9.5. ಇಷ್ಟರಲ್ಲಿ ಟ್ರೇ, ಮೋಟಾರ್, ಲೇಸರ್, ಸರ್ಕ್ಯೂಟು ಎಲ್ಲ ಕೂರಬೇಕು. ಡಿಸ್ಕಿನ ಮೇಲ್ಭಾಗಕ್ಕೂ ತಗಡಿಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಒಂದು ಸ್ಟಿಕ್ಕರಿನ ಅಂಚು ಎದ್ದು ನಿಂತರೂ ಸಾಕು, ಮೇಲೆ ತಾಗುತ್ತದೆ.

ಡೆಸ್ಕ್‌ಟಾಪ್ ಕಂಪ್ಯೂಟರಿನ ಡ್ರೈವಿನಲ್ಲಿ ಟ್ರೇಯನ್ನು ಹೊರಗೆ ತಳ್ಳುವುದಕ್ಕೆ ಒಂದು ಮೋಟಾರ್ ಇರುತ್ತದೆ. ಲ್ಯಾಪ್‌ಟಾಪಿನ ಟ್ರೇ ಹಾಗಲ್ಲ. ಅದು ನಮ್ಮ ಬಟನ್ ಕೊಡೆ ಇದ್ದ ಹಾಗೆ: ಒಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ, ಅದನ್ನು ಒಂದು ಕೊಕ್ಕೆ ತಡೆದು ಹಿಡಿದಿರುತ್ತದೆ, ಕೊಕ್ಕೆ ಬಿಟ್ಟ ಕೂಡಲೇ ಸ್ಪ್ರಿಂಗ್ ಹೊರಕ್ಕೆ ತಳ್ಳುತ್ತದೆ. ಟ್ರೇ ಒಂದೆರಡು ಸೆಂಟಿಮೀಟರ್ ಹೊರಗೆ ಜಿಗಿಯುತ್ತದೆ, ಉಳಿದದ್ದನ್ನು ನಾವು ಕೈಯಲ್ಲಿ ಎಳೆಯಬೇಕು.

ಒಂದು ವ್ಯತ್ಯಾಸ ಇದೆ, ಎಲ್ಲ ತೊಂದರೆಯೂ ಅಲ್ಲೇ. ಕೊಡೆಯ ಬಟನ್ ನೇರವಾಗಿ ಕೊಕ್ಕೆಯನ್ನು ಸರಿಸುತ್ತದೆ. ಡ್ರೈವಿನ ಇಜೆಕ್ಟ್ ಬಟನ್ ಸರಿಸುವುದಿಲ್ಲ. ಅದು ಒಂದು ಸ್ವಿಚ್ ಅಷ್ಟೇ. ಒತ್ತಿದಾಗ ಡ್ರೈವಿನ ಸರ್ಕ್ಯೂಟಿಗೆ ಸುದ್ದಿ ಹೋಗುತ್ತದೆ. ಡಿಸ್ಕ್ ಬಿಡಬೇಡ ಅಂತ ಕಂಪ್ಯೂಟರ್ ಮೊದಲೇ ಹೇಳಿಟ್ಟಿದೆಯಾ ಅಂತ ಸರ್ಕ್ಯೂಟು ನೋಡುತ್ತದೆ, ಇಲ್ಲದಿದ್ದರೆ ತಿರುಗುವ ಡಿಸ್ಕನ್ನು ನಿಲ್ಲಿಸಿ ಒಂದು ಪುಟ್ಟ ವಿದ್ಯುತ್ ಕಾಂತಕ್ಕೆ ಕರೆಂಟ್ ಕೊಡುತ್ತದೆ, ಆ ಕಾಂತ ಕೊಕ್ಕೆಯನ್ನು ಎಳೆಯುತ್ತದೆ. ಆಗ ಟ್ರೇ ಬರುತ್ತದೆ. ಇದರಲ್ಲಿ ಎಲ್ಲಿ ಕೈಕೊಟ್ಟರೂ ಹೊರಗಿನಿಂದ ನಮಗೆ ಕಾಣುವುದು ಒಂದೇ: ಬಟನ್ ಒತ್ತಿದೆ, ಏನೂ ಆಗಲಿಲ್ಲ.

## ಕಿವಿಗೊಟ್ಟು ಕೇಳಿ

ಟಿವಿ, ಫ್ಯಾನ್ ಆಫ್ ಮಾಡಿ, ಲ್ಯಾಪ್‌ಟಾಪ್ ಆನ್ ಇರುವಾಗ ಬಟನ್ ಒಂದೇ ಸಲ ಒತ್ತಿ. ಡ್ರೈವಿನ ಹತ್ತಿರ ಕಿವಿ ಇಡಿ.

ಟಕ್ ಅಂತ ಸಣ್ಣ ಸದ್ದು ಬಂದು ಟ್ರೇ ಅಲ್ಲಾಡದಿದ್ದರೆ, ಸುದ್ದಿ ತಲುಪಿದೆ, ಕಾಂತವೂ ಕೆಲಸ ಮಾಡಿದೆ. ಕೊಕ್ಕೆ ಅಂಟಿಕೊಂಡಿರಬೇಕು, ಸ್ಪ್ರಿಂಗಿನ ಕಸುವು ಹೋಗಿರಬೇಕು, ಇಲ್ಲವೇ ಡಿಸ್ಕ್ ಮೇಲೆ ಎಲ್ಲೋ ಸಿಕ್ಕಿರಬೇಕು. ಇದು ಯಂತ್ರದ ತೊಂದರೆ.

ಯಾವ ಸದ್ದೂ ಇಲ್ಲ, ಆದರೆ ಡ್ರೈವಿನ ಪುಟ್ಟ ದೀಪ ಮಿನುಗುತ್ತಿದೆ ಅಂದರೆ ಡ್ರೈವಿಗೆ ಜೀವ ಇದೆ. ಬಹುಶಃ ಕಂಪ್ಯೂಟರ್ ಅದನ್ನು ತಡೆದಿದೆ. ಇದು ಸಾಫ್ಟ್‌ವೇರಿನ ತೊಂದರೆ, ಎಲ್ಲಕ್ಕಿಂತ ಸುಲಭದ್ದು.

ಗರ್ರ್ ಅಂತ ಮತ್ತೆ ಮತ್ತೆ ತಿರುಗಿ ನಿಲ್ಲುತ್ತಿದ್ದರೆ ಡ್ರೈವ್ ಡಿಸ್ಕ್ ಓದಲು ಒದ್ದಾಡುತ್ತಿದೆ. ಗೀರು ಬಿದ್ದ, ಬೂಸ್ಟು ಹಿಡಿದ ಡಿಸ್ಕಿನಲ್ಲಿ ಹೀಗಾಗುತ್ತದೆ. ಒಂದೆರಡು ನಿಮಿಷ ಸುಮ್ನೆ ಬಿಡಿ. ಆ ಹೊತ್ತಲ್ಲಿ ಬಟನ್ ಹತ್ತು ಸಲ ಕುಟ್ಟಿದರೆ ಬೇಗ ಬರುವುದಿಲ್ಲ.

ಸದ್ದೂ ಇಲ್ಲ, ದೀಪವೂ ಇಲ್ಲ ಅಂದರೆ ಡ್ರೈವಿಗೆ ಕರೆಂಟೇ ಹೋಗುತ್ತಿಲ್ಲ. ಹಳೇ ಲ್ಯಾಪ್‌ಟಾಪುಗಳ ಬ್ಯಾಟರಿ ಸತ್ತಿರುತ್ತದೆ, ಚಾರ್ಜರ್ ಮೇಲೆಯೇ ಓಡುತ್ತಿರುತ್ತವೆ. ಆಷಾಢದಲ್ಲಿ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಆಫ್ ಆಯಿತು, ಡಿಸ್ಕ್ ಒಳಗೇ ಉಳಿಯಿತು. ಆಗ ಬಟನ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಕರೆಂಟ್ ಬರುವವರೆಗೆ ಕಾದರೆ ಸಾಕು, ತೊಂದರೆಯೇ ಇಲ್ಲದಿರಬಹುದು.

## ಕಂಪ್ಯೂಟರೇ ಬಿಡದಿದ್ದರೆ

ಯಾವುದಾದರೂ ಪ್ರೋಗ್ರಾಮ್ ಡಿಸ್ಕಿನಲ್ಲಿರುವ ಫೈಲನ್ನು ತೆರೆದುಕೊಂಡಿದ್ದರೆ ಕಂಪ್ಯೂಟರ್ ಡ್ರೈವಿಗೆ ಬೀಗ ಹಾಕಿಡಬಹುದು. ಓದುವುದರ ಮಧ್ಯೆ ಡಿಸ್ಕ್ ಕಿತ್ತುಕೊಂಡರೆ ಕೆಲಸ ಕೆಡುತ್ತದೆ ಅಂತ ಈ ಏರ್ಪಾಡು. ಸ್ಕ್ಯಾನ್ ಸಿಡಿಗಳಲ್ಲಿ ಚಿತ್ರ ತೋರಿಸುವ ಒಂದು ಪ್ರೋಗ್ರಾಮ್ ಸಿಡಿಯಲ್ಲೇ ಇರುತ್ತದೆ, ಅದು ತಾನೇ ಶುರುವಾಗಿ ಹಿಂದೆ ಓಡುತ್ತಾ ಇರಬಹುದು. ವಿಡಿಯೊ ಪ್ಲೇಯರ್, ಫೋಲ್ಡರಿನ ಕಿಟಕಿ, ಆಂಟಿವೈರಸ್, ಎಲ್ಲವನ್ನೂ ಮುಚ್ಚಿ.

ವಿಂಡೋಸ್ ಆದರೆ 'ದಿಸ್ ಪಿಸಿ' ತೆರೆದು ಡ್ರೈವಿನ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ, 'ಇಜೆಕ್ಟ್' ಆರಿಸಿ. ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ಇಜೆಕ್ಟ್ ಅನ್ನುವ ಆದೇಶವನ್ನೇ ಕೊಡಬಹುದು. ಕೆಲವು ಮಾಡೆಲ್ಲುಗಳಲ್ಲಿ ಬಟನ್ ಡ್ರೈವಿನ ಮೇಲೆ ಇರುವುದಿಲ್ಲ, ಕೀಬೋರ್ಡಿನಲ್ಲಿ ಇರುತ್ತದೆ. ಕೆಳಗೆ ಗೆರೆ ಇರುವ ಮೇಲ್ಮುಖ ತ್ರಿಕೋನದ ಗುರುತು ಹುಡುಕಿ.

ಬಗ್ಗಲಿಲ್ಲ ಅಂದರೆ ರೀಸ್ಟಾರ್ಟ್ ಮಾಡಿ. ಕಂಪನಿಯ ಲೋಗೊ ಕಾಣಿಸಿದ ಕೂಡಲೇ ಡ್ರೈವಿನ ಬಟನ್ ಒತ್ತಿ. ಆ ಗಳಿಗೆಯಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಬೀಗ ಹಾಕುವವರೂ ಇಲ್ಲ. ನನ್ನ ಕೇಳಿದರೆ ಇದು ಎಲ್ಲರೂ ಮೊದಲು ಮಾಡಬೇಕಾದ ಪ್ರಯತ್ನ. ಸಾಮಾನು ಬೇಡ, ಅಪಾಯ ಇಲ್ಲ.

ಒಂದು ಎಚ್ಚರಿಕೆ ಇದೆ. ನೀವೇ ಡಿಸ್ಕ್ ಬರೆಯುತ್ತಿದ್ದರೆ, ಅಂದರೆ ಬರ್ನ್ ಮಾಡುತ್ತಿದ್ದರೆ, ಕೊನೆಯಲ್ಲಿ ಅದು ತುಂಬಾ ಹೊತ್ತು ನಿಂತುಬಿಟ್ಟಂತೆ ಕಾಣುತ್ತದೆ. ದೀಪ ಮಿನುಗುತ್ತಿರುವವರೆಗೆ ಮುಟ್ಟಬೇಡಿ, ಮಧ್ಯೆ ನಿಲ್ಲಿಸಿದರೆ ಆ ಡಿಸ್ಕ್ ಎಲ್ಲೂ ಓಡದೇ ಹೋಗಬಹುದು.

## ಮುಂಭಾಗದ ಸೂಜಿಯಂಥ ತೂತು

ಟ್ರೇ ಇರುವ ಡ್ರೈವಿನ ಮುಖದ ಮೇಲೆ, ಬಟನ್ ಪಕ್ಕದಲ್ಲಿ, ಒಂದು ಮಿಲಿಮೀಟರಿನಷ್ಟು ಅಗಲದ ತೂತು ಇರುತ್ತದೆ. ಅದನ್ನು ಇಟ್ಟಿರುವುದೇ ಇಂಥ ಹೊತ್ತಿಗೆ. ಅದರೊಳಗೆ ತಂತಿ ಹೋದರೆ ಕರೆಂಟು, ಸರ್ಕ್ಯೂಟು ಯಾವುದರ ಹಂಗೂ ಇಲ್ಲದೆ ಕೊಕ್ಕೆ ನೇರವಾಗಿ ಸರಿಯುತ್ತದೆ.

ಮೊದಲು ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ. ಮುಚ್ಚಳ ಮುಚ್ಚಿ ಮಲಗಿಸಿದರೆ ಸಾಲದು. ಚಾರ್ಜರ್ ತೆಗೆಯಿರಿ, ಒಂದು ನಿಮಿಷ ಕಾಯಿರಿ. ಡಿಸ್ಕ್ ಜೋರಾಗಿ ಓಡುವಾಗ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಆ ವೇಗದಲ್ಲಿ ಟ್ರೇ ತೆರೆದರೆ ಡಿಸ್ಕಿಗೂ ಬೆರಳಿಗೂ ಒಳ್ಳೆಯದಲ್ಲ.

ಕಾಗದಕ್ಕೆ ಹಾಕುವ ಜೆಮ್ ಕ್ಲಿಪ್ ಒಂದನ್ನು ಬಿಡಿಸಿ ನೆಟ್ಟಗೆ ಮಾಡಿ, ನಾಲ್ಕೈದು ಸೆಂಟಿಮೀಟರ್ ನೇರ ತಂತಿ ಸಿಗಬೇಕು. ಮೊಬೈಲಿನ ಸಿಮ್ ಪಿನ್ ಕೆಲವಕ್ಕೆ ಆಗುತ್ತದೆ, ಎಷ್ಟೋ ಡ್ರೈವುಗಳಿಗೆ ಗಿಡ್ಡ. ಹಿಡಿಕಡ್ಡಿ, ಊದಿನಕಡ್ಡಿ ಖಂಡಿತ ಬೇಡ, ತುದಿ ಒಳಗೇ ಮುರಿದರೆ ಈ ದಾರಿಯೂ ಮುಚ್ಚಿತು. ಸೇಫ್ಟಿ ಪಿನ್ನಿನ ಚೂಪು ತುದಿ ಅಡ್ಡ ಹೋಗಿ ಪ್ಲಾಸ್ಟಿಕ್ಕಿಗೆ ಚುಚ್ಚಿಕೊಳ್ಳುತ್ತದೆ, ಅದೂ ಬೇಡ.

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ತಂತಿಯನ್ನು ನೇರವಾಗಿ, ಮೇಲೂ ಕೆಳಗೂ ವಾಲಿಸದೆ, ತೂರಿಸಿ. ಸ್ವಲ್ಪ ದೂರ ಏನೂ ಸಿಗುವುದಿಲ್ಲ. ಆಮೇಲೆ ತುದಿಗೆ ಏನೋ ತಾಗುತ್ತದೆ, ಒತ್ತಿದರೆ ಮೆತ್ತಗೆ ವಾಪಸ್ ತಳ್ಳಿದ ಹಾಗೆ ಅನ್ನಿಸುತ್ತದೆ. ಅದೇ ಕೊಕ್ಕೆ. ಇನ್ನೊಂದು ಚೂರು ಒತ್ತಿ. ಟ್ರೇ ಚಟ್ ಅಂತ ಮುಂದೆ ಬರುತ್ತದೆ. ತಾಗಿದ್ದು ಕಲ್ಲಿನಷ್ಟು ಗಟ್ಟಿ ಅನ್ನಿಸಿದರೆ ತಂತಿ ಓರೆಯಾಗಿದೆ, ತೆಗೆದು ಮತ್ತೆ ತೂರಿಸಿ.

ಕೊಕ್ಕೆ ಬಿಟ್ಟರೂ ಟ್ರೇ ಜಿಗಿಯದಿದ್ದರೆ ಸ್ಪ್ರಿಂಗ್ ಸೋತಿದೆ ಅಂತ. ಒಂದು ಕೈಯಲ್ಲಿ ತಂತಿ ಒತ್ತಿ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ಟ್ರೇಯ ಅಂಚನ್ನು ಮೆಲ್ಲಗೆ ಎಳೆಯಿರಿ. ಇಬ್ಬರಿದ್ದರೆ ಇನ್ನೂ ಸುಲಭ.

## ಅರ್ಧ ಬಂದು ನಿಂತರೆ

ಜನ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ, ಡಿಸ್ಕ್ ಮುರಿಯುವುದೂ ಇಲ್ಲೇ.

ಲ್ಯಾಪ್‌ಟಾಪ್ ಡ್ರೈವಿನಲ್ಲಿ ಸ್ಪಿಂಡಲ್ ಇರುವುದು ಟ್ರೇಯ ಮೇಲೆ. ಲೇಸರ್ ಕೂಡ ಟ್ರೇಯಲ್ಲೇ ಇದೆ. ಡಿಸ್ಕಿನ ನಡುವಿನ ತೂತನ್ನು ಸ್ಪಿಂಡಲ್ಲಿಗೆ ಕೂರಿಸಿ ಒತ್ತಿದಾಗ ಅದರ ಸುತ್ತ ಇರುವ ಸ್ಪ್ರಿಂಗಿನ ಹಲ್ಲುಗಳು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ, ಟಿಕ್ ಅಂತ ಸದ್ದು ಬರುತ್ತದೆ. ಆ ಟಿಕ್ ಕೇಳದೆ, ಡಿಸ್ಕನ್ನು ಸುಮ್ನೆ ಮೇಲಿಟ್ಟು ಟ್ರೇ ತಳ್ಳಿದರೆ ಅದು ಒಳಗೆ ಎದ್ದುಬಿಡುತ್ತದೆ. ಎದ್ದ ಅಂಚು ಮೇಲಿನ ತಗಡಿಗೆ ತಾಗಿ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಅರ್ಧ ಬಂದು ನಿಂತ ಟ್ರೇಯನ್ನು ಎಳೆಯಬೇಡಿ. ಒಂದೆರಡು ಮಿಲಿಮೀಟರ್ ವಾಪಸ್ ತಳ್ಳಿ. ಟಾರ್ಚ್ ಬಿಟ್ಟು ಸಂದಿಯೊಳಗೆ ನೋಡಿ, ಡಿಸ್ಕಿನ ಯಾವ ಅಂಚು ಎದ್ದಿದೆ ಅಂತ ಕಾಣುತ್ತದೆ. ಒಂದು ಹಳೇ ಎಟಿಎಂ ಕಾರ್ಡನ್ನೋ ದಪ್ಪ ವಿಸಿಟಿಂಗ್ ಕಾರ್ಡನ್ನೋ ಡಿಸ್ಕಿನ ಮೇಲ್ಭಾಗಕ್ಕೂ ತಗಡಿಗೂ ನಡುವೆ ಮೆಲ್ಲಗೆ ಸರಿಸಿ. ಕಾರ್ಡಿನಿಂದ ಡಿಸ್ಕನ್ನು ಕೆಳಕ್ಕೆ ಒತ್ತಿಕೊಂಡು ಟ್ರೇ ಎಳೆಯಿರಿ. ಸ್ಟಿಕ್ಕರ್ ಎದ್ದಿದ್ದರೂ ಇದೇ ಉಪಾಯ. ಜಾಗ ಸಾಲದಿದ್ದರೆ ಪ್ಲಾಸ್ಟಿಕ್ ಕಾರ್ಡ್ ಬಿಟ್ಟು ತೆಳು ರಟ್ಟು ಬಳಸಿ.

ಇನ್ನೊಂದು ಕಾರಣಕ್ಕೂ ಜೋರಾಗಿ ಎಳೆಯಬಾರದು. ಟ್ರೇಯಿಂದ ಹಿಂದಿನ ಸರ್ಕ್ಯೂಟಿಗೆ ಕಾಗದದಷ್ಟು ತೆಳುವಾದ, ಪಟ್ಟಿಯಂಥ ಕೇಬಲ್ ಹೋಗಿರುತ್ತದೆ. ಅದು ಹರಿದರೆ ಡ್ರೈವ್ ಮುಗಿಯಿತು. ಅಡಿಗೆ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇಂಥವನ್ನು ಹಾಕಲು ಹೋಗಬೇಡಿ. ಅವು ಲೇಸರಿನ ಲೆನ್ಸ್ ಮೇಲೂ ಡಿಸ್ಕ್ ಮೇಲೂ ಹರಡುತ್ತವೆ.

## ಟ್ರೇ ಇಲ್ಲದೆ ಬರೀ ಸೀಳು ಇರುವ ಡ್ರೈವ್

ಆಪಲ್‌ನ ಹಳೇ ಮ್ಯಾಕ್‌ಬುಕ್ ಪ್ರೊಗಳಲ್ಲಿ, ಬೇರೆ ಕೆಲವು ದುಬಾರಿ ಮಾಡೆಲ್ಲುಗಳಲ್ಲಿ, ಟ್ರೇ ಇರುವುದಿಲ್ಲ. ಸೀಳಿನಲ್ಲಿ ಡಿಸ್ಕ್ ಇಟ್ಟರೆ ರಬ್ಬರ್ ಉರುಳೆ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ತುರ್ತು ತೂತು ಇಲ್ಲ. ಮ್ಯಾಕ್ ಆದರೆ ರೀಸ್ಟಾರ್ಟ್ ಮಾಡಿ, ಅದು ಏಳುವಾಗ ಟ್ರ್ಯಾಕ್‌ಪ್ಯಾಡಿನ ಬಟನ್ನನ್ನು ಅಥವಾ ಮೌಸಿನ ಬಟನ್ನನ್ನು ಒತ್ತಿ ಹಿಡಿಯಿರಿ, ಡಿಸ್ಕ್ ಹೊರಹಾಕು ಅಂತ ಅದರ ಅರ್ಥ. ಉರುಳೆ ಜಾರುತ್ತಿದ್ದರೆ, ಅಂದರೆ ತಿರುಗುವ ಸದ್ದು ಬಂದರೂ ಡಿಸ್ಕ್ ಬಾರದಿದ್ದರೆ, ಸೀಳು ಕೆಳಮುಖವಾಗುವ ಹಾಗೆ ಲ್ಯಾಪ್‌ಟಾಪನ್ನು ಓರೆ ಹಿಡಿದು ಇಜೆಕ್ಟ್ ಒತ್ತಿ. ಡಿಸ್ಕಿನ ತೂಕವೇ ಸ್ವಲ್ಪ ಸಹಾಯ ಮಾಡುತ್ತದೆ.

80 ಮಿಲಿಮೀಟರಿನ ಪುಟಾಣಿ ಸಿಡಿಗಳನ್ನೂ ಕಾಗದದ ಸ್ಟಿಕ್ಕರ್ ಅಂಟಿಸಿದ ಡಿಸ್ಕುಗಳನ್ನೂ ಇಂಥ ಡ್ರೈವಿಗೆ ಹಾಕಲೇಬಾರದು. ಹಾಕಿ ಸಿಕ್ಕಿಕೊಂಡಿದ್ದರೆ ರಿಪೇರಿಯವರ ಹತ್ತಿರ ಹೋಗುವುದೇ ಸರಿ.

## ಮಲೆನಾಡಿನ ಮಳೆಗೂ ಇದಕ್ಕೂ ಏನು ಸಂಬಂಧ?

ತುಂಬಾ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ. ಆ ತೇವ ಲ್ಯಾಪ್‌ಟಾಪಿನೊಳಗೂ ಹೋಗುತ್ತದೆ. ಟ್ರೇ ಜಾರುವ ಉಕ್ಕಿನ ಹಳಿಗೆ ತುಕ್ಕು ಕೂರುತ್ತದೆ. ಕೊಕ್ಕೆಗೆ ಸವರಿದ ಗ್ರೀಸು ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಸ್ಟುಡಿಯೊದವರು ವಧೂವರರ ಫೋಟೊ ಹಾಕಿ ಅಂಟಿಸಿಕೊಟ್ಟ ಸ್ಟಿಕ್ಕರಿನ ಅಂಟು ತೇವಕ್ಕೆ ಬಿಟ್ಟು ಅಂಚು ಸುರುಳಿಯಾಗುತ್ತದೆ. ಅದೇ ಸುರುಳಿ ಮೇಲಿನ ತಗಡಿಗೆ ತಾಗುವುದು.

ಒಲೆಯ ಹೊಗೆಯನ್ನೂ ಮರೆಯಬೇಡಿ. ಅಡಿಕೆ ಬೇಯಿಸುವ ಕಾಲದಲ್ಲಿ ಅಂಗಳದಲ್ಲೇ ಒಲೆ ಉರಿಯುತ್ತದೆ, ಆ ಮಸಿ ಲೆನ್ಸಿನ ಮೇಲೂ ತೆಳುವಾಗಿ ಕೂರುತ್ತದೆ. ಲೆನ್ಸ್ ಮಂಜಾದರೆ ಡ್ರೈವ್ ಡಿಸ್ಕನ್ನು ಗುರುತಿಸಲಾರದೆ ಗರ್ರ್ ಅನ್ನುತ್ತಲೇ ಇರುತ್ತದೆ. ಬಳಸದೆ ಇಟ್ಟ ಲ್ಯಾಪ್‌ಟಾಪಿನ ಕಿಂಡಿಗಳಿಗೆ ಕುಂಬಾರ ಹುಳು ಮಣ್ಣು ಮೆತ್ತುವುದೂ ಉಂಟು. ತಂತಿ ತೂರಿಸುವ ಮೊದಲು ಟಾರ್ಚ್ ಹಾಕಿ ನೋಡಬೇಕು ಅನ್ನುವುದು ಅದಕ್ಕೇ.

ಬೂಸ್ಟು ಡಿಸ್ಕನ್ನು ಬರೀ ಮೇಲಿನಿಂದ ಕೊಳೆ ಮಾಡುತ್ತದೆ ಅಂತ ಅಂದುಕೊಳ್ಳಬೇಡಿ. ಮಧ್ಯ ಅಮೆರಿಕದ ಬೆಲೀಜ್ ದೇಶದ ಬಿಸಿ-ತೇವದ ಹವೆಯಲ್ಲಿ ಒಂದು ಶಿಲೀಂಧ್ರ ಸಿಡಿಯ ಅಂಚಿನಿಂದ ಒಳಗೆ ಹೋಗಿ ಹೊಳೆಯುವ ಲೋಹದ ಪದರವನ್ನೇ ತಿಂದಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ನಮ್ಮ ಹವೆಯೂ ಅದಕ್ಕಿಂತ ಬಹಳ ಬೇರೆ ಏನಲ್ಲ, ಅಲ್ವಾ?

ತೇವ ಹೋಗಲಿ ಅಂತ ಲ್ಯಾಪ್‌ಟಾಪನ್ನು ಬಚ್ಚಲೊಲೆಯ ಹತ್ತಿರ ಇಡುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಗೆ ಡಿಸ್ಕ್ ಸೊಟ್ಟಗಾಗುತ್ತದೆ, ಬ್ಯಾಟರಿಗೂ ಅಪಾಯ. ಫ್ಯಾನ್ ಗಾಳಿಯಲ್ಲಿ ಒಂದು ದಿನ ಬಿಟ್ಟರೆ ಸಾಕು.

## ಯಾವುದೂ ಆಗಲಿಲ್ಲ ಅಂದರೆ

ಬಹಳಷ್ಟು ಹಳೇ ಲ್ಯಾಪ್‌ಟಾಪುಗಳಲ್ಲಿ ಇಡೀ ಡ್ರೈವನ್ನು ಒಂದೇ ಸ್ಕ್ರೂ ಹಿಡಿದಿರುತ್ತದೆ. ಲ್ಯಾಪ್‌ಟಾಪ್ ಮಗುಚಿದರೆ ಕೆಲವಲ್ಲಿ ಅದರ ಪಕ್ಕ ಪುಟ್ಟ ಡಿಸ್ಕಿನ ಚಿತ್ರವೂ ಇರುತ್ತದೆ. ಆಫ್ ಮಾಡಿ, ಬ್ಯಾಟರಿ ತೆಗೆದು, ಆ ಸ್ಕ್ರೂ ಬಿಚ್ಚಿದರೆ ಡ್ರೈವ್ ಪಕ್ಕಕ್ಕೆ ಜಾರಿ ಪೂರ್ತಿ ಹೊರಗೆ ಬರುತ್ತದೆ. ಅದರ ತಗಡಿನ ಮೇಲಿರುವ ಸಣ್ಣ ಸ್ಕ್ರೂಗಳನ್ನು ತೆಗೆದರೆ ಡಿಸ್ಕ್ ಕೈಗೆ ಸಿಗುತ್ತದೆ.

ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇಲ್ಲದವರು ಇದನ್ನು ರಿಪೇರಿಯವರಿಗೇ ಬಿಡಿ. ಶಿವಮೊಗ್ಗದ ದುರ್ಗಿಗುಡಿ ಕಡೆ ಹೋದಾಗ ಅಂಗಡಿಯವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಡ್ರೈವ್ ಹೋದರೂ ಪರವಾಗಿಲ್ಲ, ಡಿಸ್ಕ್ ಉಳಿಯಬೇಕು. ಇದನ್ನು ಹೇಳದಿದ್ದರೆ ಅವರು ಡ್ರೈವನ್ನು ಉಳಿಸಲು ನೋಡುತ್ತಾರೆ, ಅದು ಸಹಜ. ಕವಚ ಬಿಚ್ಚಿದ ಡ್ರೈವಿಗೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡಬೇಡಿ. ಸಿಡಿ ಓದುವ ಲೇಸರ್ 780 ನ್ಯಾನೊಮೀಟರಿನದ್ದು, ಅದು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

## ಹೊರಗೆ ಬಂದ ಡಿಸ್ಕಿಗೆ ಏನು ಮಾಡಬೇಕು

ಅದೇ ಡ್ರೈವಿಗೆ ವಾಪಸ್ ಹಾಕಬೇಡಿ. ನಡುವಿನ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟ ಡಿಸ್ಕ್ ವೇಗವಾಗಿ ತಿರುಗುವಾಗ ಚೂರಾಗಿ ಡ್ರೈವನ್ನೂ ಹಾಳುಮಾಡಬಹುದು.

ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ, ನೇರ ಗೆರೆಯಲ್ಲಿ ಒರೆಸಿ. ಮಾಹಿತಿ ಇರುವುದು ಸುತ್ತು ಸುತ್ತಾಗಿ, ಹಾಗಾಗಿ ಸುತ್ತಾಗಿ ಒರೆಸಿ ಗೀರು ಬಿದ್ದರೆ ಒಂದೇ ಕಡೆಯ ಮಾಹಿತಿ ಉದ್ದಕ್ಕೆ ಹೋಗುತ್ತದೆ. ಅಡ್ಡ ಗೀರನ್ನು ಡ್ರೈವ್ ಬಹಳ ಮಟ್ಟಿಗೆ ಸಂಭಾಳಿಸುತ್ತದೆ. ಬೂಸ್ಟಿಗೆ ತಣ್ಣೀರಿನಲ್ಲಿ ಒಂದೆರಡು ಹನಿ ಸೋಪು ಸಾಕು. ಥಿನ್ನರ್, ಪೆಟ್ರೋಲ್ ಬೇಡ, ಡಿಸ್ಕ್ ಮಂಕಾಗುತ್ತದೆ. ಎದ್ದ ಸ್ಟಿಕ್ಕರನ್ನು ಕೀಳಲು ಹೋಗಬೇಡಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಸ್ಟಿಕ್ಕರಿನ ಕೆಳಗೇ, ತೆಳು ಬಣ್ಣದ ಲೇಪದ ಅಡಿಯಲ್ಲಿ. ಕಿತ್ತರೆ ಅದೂ ಎದ್ದು ಬರುತ್ತದೆ. ಎದ್ದ ಭಾಗವನ್ನಷ್ಟೇ ಕತ್ತರಿಯಿಂದ ಕತ್ತರಿಸಿ.

ಆಮೇಲೆ ಬೇರೆ ಡ್ರೈವಿನಲ್ಲಿ ತಕ್ಷಣ ಕಾಪಿ ಮಾಡಿ. ಯುಎಸ್‌ಬಿಗೆ ಚುಚ್ಚುವ ಬಿಡಿ ಡಿವಿಡಿ ಡ್ರೈವುಗಳು ಈಗಲೂ ಸಿಗುತ್ತವೆ. ಒಂದು ಸಿಡಿಯಲ್ಲಿ ಹೆಚ್ಚೆಂದರೆ 700 ಎಂಬಿ, ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ, ಅಂದರೆ 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಆರು ಡಿವಿಡಿ ಹಿಡಿಸುತ್ತದೆ. ಸ್ಕ್ಯಾನ್ ಸಿಡಿ ಆದರೆ ಒಂದೆರಡು ಚಿತ್ರ ಆರಿಸಿಕೊಳ್ಳಬೇಡಿ, ಅದರಲ್ಲಿರುವ ಎಲ್ಲ ಫೋಲ್ಡರುಗಳನ್ನೂ ಇದ್ದ ಹಾಗೆಯೇ ಕಾಪಿ ಮಾಡಿ. ಡಾಕ್ಟರ ಕಂಪ್ಯೂಟರ್ ಅವುಗಳನ್ನು ಒಟ್ಟಿಗೆ ಇಟ್ಟುಕೊಂಡೇ ಪೂರ್ತಿ ಸ್ಕ್ಯಾನ್ ತೆರೆಯುವುದು.

ಡಿಸ್ಕನ್ನು ಮತ್ತೆ ಎತ್ತಿಡುವಾಗ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅದರೊಳಗೆ ಹಾಕಿ. ಪೊಟ್ಟಣ ಎರಡು ಮಳೆಗಾಲ ಬರುವುದಿಲ್ಲ, ಪ್ರತಿ ವರ್ಷ ಬದಲಿಸಿ.

## ಕೆಟ್ಟ ಡ್ರೈವಿನ ಜಾಗದಲ್ಲಿ

ಕೆಟ್ಟ ಡ್ರೈವನ್ನು ಒಳಗೇ ಬಿಟ್ಟರೂ ಲ್ಯಾಪ್‌ಟಾಪಿಗೆ ತೊಂದರೆಯಿಲ್ಲ. ತೆಗೆದರೆ ಮಾತ್ರ ಆ ಕಿಂಡಿಯನ್ನು ಖಾಲಿ ಬಿಡಬೇಡಿ, ಹುಳು, ಧೂಳು ನೇರವಾಗಿ ಒಳಗೆ ಹೋಗುತ್ತವೆ. ಡ್ರೈವಿನ ಆಕಾರದ ಚೌಕಟ್ಟು ಒಂದು ಸಿಗುತ್ತದೆ, ಕ್ಯಾಡಿ ಅನ್ನುತ್ತಾರೆ. ಅದರಲ್ಲಿ ಎರಡನೇ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಕೂರಿಸಬಹುದು, ಕಾಪಿ ಮಾಡಿದ ವಿಡಿಯೊಗಳಿಗೆ ಜಾಗವೂ ಆಯಿತು. ಕೊಳ್ಳುವ ಮೊದಲು ತೆಗೆದ ಡ್ರೈವಿನ ದಪ್ಪ ಅಳೆದುಕೊಳ್ಳಿ, 12.7 ಮಿಲಿಮೀಟರಿನ ಕ್ಯಾಡಿ 9.5ರ ಕಿಂಡಿಗೆ ಹೋಗುವುದಿಲ್ಲ.